ಹಲತೆ ದೇಖಾವೆ: ನಾಸಿಕ್, ಸಂಭಾಜಿನಗರದ ಗಣೇಶ ಮಂಟಪಗಳಲ್ಲಿ ಗೊಂಬೆಗಳು ಕೈ ಎತ್ತುವುದು ಹೇಗೆ? ಅವುಗಳನ್ನು ನಿಲ್ಲಿಸುವುದು ಯಾರು?

ಮಂಟಪದ ದೀಪಗಳು ಆರುತ್ತವೆ. ಸ್ಪೀಕರ್‌ನಲ್ಲಿ ಹಿರಣ್ಯಕಶಿಪುವಿನ ಗರ್ಜನೆ ಕೇಳುತ್ತದೆ. ಹತ್ತಡಿ ಎತ್ತರದ ರಾಕ್ಷಸನ ಕಣ್ಣು ಕೆಂಪಾಗಿ, ಗದೆ ಹಿಡಿದ ಕೈ ಮೇಲೇಳುತ್ತದೆ. ಗುಡುಗಿನ ಸದ್ದಿಗೆ ಸರಿಯಾಗಿ ಕಂಬ ಎರಡಾಗಿ ಬಿರಿಯುತ್ತದೆ, ಹೊಗೆಯ ನಡುವಿನಿಂದ ನರಸಿಂಹ ಮೇಲೆ ಬರುತ್ತಾನೆ. ಮೂರು ನಿಮಿಷದಲ್ಲಿ ಎಲ್ಲ ಮುಗಿದು, ಜನ ಮುಂದೆ ಸರಿದು, ಮುಂದಿನ ಗುಂಪು ಬರುವಷ್ಟರಲ್ಲಿ ಕಂಬ ಮತ್ತೆ ಮುಚ್ಚಿಕೊಂಡಿರುತ್ತದೆ.

ಪರದೆಯ ಹಿಂದೆ ಹಗ್ಗ ಎಳೆಯುವವರು ಯಾರೂ ಇಲ್ಲ. ಅಲ್ಲಿರುವುದು ಒಂದು ಪೆಟ್ಟಿಗೆ. ಅದರೊಳಗೆ ಮೊದಲೇ ಬರೆದಿಟ್ಟ ಪ್ರೋಗ್ರಾಂ ಪ್ರಕಾರ ಮೋಟಾರ್, ದೀಪ, ಧ್ವನಿಗಳನ್ನು ನಡೆಸುವ ಪ್ರೋಗ್ರಾಮೆಬಲ್ ಕಂಟ್ರೋಲರ್ ಇರುತ್ತದೆ. ಮಹಾರಾಷ್ಟ್ರದ ಗಣೇಶೋತ್ಸವದಲ್ಲಿ ಇಂಥ ದೃಶ್ಯಗಳಿಗೆ ‘ಹಲತೆ ದೇಖಾವೆ’ ಎನ್ನುತ್ತಾರೆ, ಅಂದರೆ ಅಲುಗಾಡುವ ದೃಶ್ಯಗಳು. ಕನ್ನಡದಲ್ಲಿ ನಾವು ಇವುಗಳನ್ನು ‘ಚಲಿಸುವ ಸ್ತಬ್ಧಚಿತ್ರ’ ಎಂದು ಕರೆದು ಸುಮ್ಮನಾಗಿದ್ದೇವೆ. ಸ್ತಬ್ಧವಾಗಿರಬೇಕಾದದ್ದು ಚಲಿಸುವುದು ಹೇಗೆ? ಸಾವಿರಾರು ಜನ, ಮಕ್ಕಳು ಸಾಲಾಗಿ ಹಾದುಹೋಗುವ ಜಾಗದಲ್ಲಿ ಅದು ಸುರಕ್ಷಿತವಾಗಿ ನಿಲ್ಲುವುದು ಹೇಗೆ? ಇಲ್ಲಿದೆ ವಿವರ.

ಈ ಎರಡು ಊರುಗಳೇ ಏಕೆ?

ಲೋಕಮಾನ್ಯ ಬಾಲಗಂಗಾಧರ ತಿಲಕರು 1893ರಲ್ಲಿ ಗಣೇಶೋತ್ಸವಕ್ಕೆ ಸಾರ್ವಜನಿಕ ರೂಪ ಕೊಟ್ಟಂದಿನಿಂದ ಮಂಟಪ ಎಂದರೆ ಬರೀ ಪೂಜೆಯ ಜಾಗವಲ್ಲ, ಊರಿಗೆ ಏನಾದರೂ ತೋರಿಸುವ, ಹೇಳುವ ಜಾಗವೂ ಹೌದು. 2025ರಲ್ಲಿ ಮಹಾರಾಷ್ಟ್ರ ಸರ್ಕಾರ ಇದನ್ನು ರಾಜ್ಯ ಉತ್ಸವವೆಂದು ಘೋಷಿಸಿತು. ಕೆಲವು ಮಂಡಳಿಗಳು ಕಲಾವಿದರೇ ನಟಿಸುವ ‘ಜೀವಂತ ದೇಖಾವೆ’ ಮಾಡಿದರೆ, ಇನ್ನು ಕೆಲವು ಗೊಂಬೆಗಳಿಗೆ ಮೋಟಾರ್ ಕಟ್ಟಿ ಕಥೆ ಹೇಳುತ್ತವೆ.

ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಎರಡೂ ಒಂದೇ ಸ್ವಭಾವದ ಊರುಗಳು. ಒಂದು ಕಡೆ ತೀರ್ಥಕ್ಷೇತ್ರ, ಪುರಾತನ ಗುಹೆ, ಹಳೇ ಪೇಟೆ. ಇನ್ನೊಂದು ಕಡೆ ದೊಡ್ಡ ಕೈಗಾರಿಕಾ ಪ್ರದೇಶಗಳು. ನಾಸಿಕ್‌ನಲ್ಲಿ ಸಾತಪುರ, ಅಂಬಡ್. ಸಂಭಾಜಿನಗರದಲ್ಲಿ ವಾಳುಜ್, ಚಿಕಲಠಾಣಾ, ಶೇಂದ್ರಾ. ಆಟೊಮೊಬೈಲ್ ಬಿಡಿಭಾಗ, ವಿದ್ಯುತ್ ಉಪಕರಣ, ಯಂತ್ರೋಪಕರಣ ತಯಾರಿಸುವ ಕಾರ್ಖಾನೆಗಳಿಗೆ ಈ ಪ್ರದೇಶಗಳು ಹೆಸರುವಾಸಿ. ಇಲ್ಲಿನ ಸಾವಿರಾರು ಎಲೆಕ್ಟ್ರಿಷಿಯನ್, ಫಿಟ್ಟರ್, ಮೆಂಟೆನೆನ್ಸ್ ಟೆಕ್ನಿಷಿಯನ್‌ಗಳಿಗೆ ಕಂಟ್ರೋಲ್ ಪ್ಯಾನೆಲ್ ಎಂಬುದು ದಿನನಿತ್ಯದ ಕೆಲಸ.

ನಾಸಿಕ್‌ನ ಬಿ.ಡಿ. ಭಾಲೇಕರ್ ಮೈದಾನದಲ್ಲಿ ಕಾರ್ಖಾನೆ ನೌಕರರ ಗಣೇಶ ಮಂಡಳಿಗಳು ಸಾಲಾಗಿ ಮಂಟಪ ಹಾಕಿ ದೇಖಾವೆ ತೋರಿಸುವ ರೂಢಿ ಹಳೆಯದು. ಸಂಭಾಜಿನಗರದಲ್ಲಿ ರಾಜಾಬಜಾರ್‌ನ ಸಂಸ್ಥಾನ ಗಣಪತಿ ಗ್ರಾಮದೈವ. ಉತ್ಸವದ ದಿನಗಳಲ್ಲಿ ಹಳೇ ಪೇಟೆಯ ರಸ್ತೆಗಳಲ್ಲಿ ರಾತ್ರಿಯಿಡೀ ಜನ. ಹಗಲು ಕನ್ವೇಯರ್ ಬೆಲ್ಟ್ ಓಡಿಸುವ ಬುದ್ಧಿಯೇ ರಾತ್ರಿ ಮಂಟಪದಲ್ಲಿ ರಾಕ್ಷಸನ ಕೈ ಎತ್ತಿಸುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಇನ್ನೊಂದು ಸ್ವಾರಸ್ಯವೂ ಇದೆ. ಭಾರತೀಯ ಚಿತ್ರರಂಗದ ಪಿತಾಮಹ ದಾದಾಸಾಹೇಬ್ ಫಾಲ್ಕೆ ಹುಟ್ಟಿದ್ದು 1870ರಲ್ಲಿ, ನಾಸಿಕ್ ಸಮೀಪದ ತ್ರ್ಯಂಬಕೇಶ್ವರದಲ್ಲಿ. ಪುರಾಣದ ಪವಾಡಗಳನ್ನು ಕ್ಯಾಮೆರಾ ತಂತ್ರಗಳಿಂದ ತೆರೆಗೆ ತಂದ ಅವರು ಕೊನೆಯುಸಿರೆಳೆದದ್ದೂ ನಾಸಿಕ್‌ನಲ್ಲೇ. ಕಾಣದ ಯಂತ್ರದಿಂದ ಕಣ್ಣಿಗೆ ಅಚ್ಚರಿ ತೋರಿಸುವ ಕೆಲಸ ಈ ನೆಲಕ್ಕೆ ಹೊಸದೇನಲ್ಲ.

ಪ್ರೋಗ್ರಾಂ ಇಲ್ಲದ ಕಾಲದಲ್ಲಿ ಏನು ಮಾಡುತ್ತಿದ್ದರು?

ಗೊಂಬೆಯನ್ನು ತಾನಾಗಿ ಕುಣಿಸುವ ಆಸೆ ಬಹಳ ಹಳೆಯದು. 11ನೇ ಶತಮಾನದ ಧಾರಾನಗರದ ದೊರೆ ಭೋಜನ ಹೆಸರಿನಲ್ಲಿರುವ ‘ಸಮರಾಂಗಣ ಸೂತ್ರಧಾರ’ ಎಂಬ ವಾಸ್ತುಗ್ರಂಥದಲ್ಲಿ ಯಂತ್ರಗಳಿಗೇ ಒಂದು ಅಧ್ಯಾಯವಿದೆ. 1206ರಲ್ಲಿ ಅಲ್ ಜಝರಿ ಎಂಬ ಅರಬ್ ತಂತ್ರಜ್ಞ ಬರೆದ ಪುಸ್ತಕದಲ್ಲಿ, ದೋಣಿಯಲ್ಲಿ ಕುಳಿತು ವಾದ್ಯ ನುಡಿಸುವ ಗೊಂಬೆಗಳ ವಿವರ ಬರುತ್ತದೆ. ಸುತ್ತುವ ಉರುಳೆಯ ಮೇಲೆ ಮೊಳೆಯಂಥ ಗೂಟಗಳನ್ನು ನೆಟ್ಟು, ಆ ಗೂಟಗಳು ಸನ್ನೆಗಳನ್ನು ಒತ್ತಿದಾಗ ಗೊಂಬೆಯ ಕೈ ಆಡುವಂತೆ ಮಾಡಲಾಗಿತ್ತು. ಗೂಟದ ಜಾಗ ಬದಲಿಸಿದರೆ ತಾಳವೂ ಬದಲು. ಪ್ರೋಗ್ರಾಮಿಂಗ್‌ನ ಮೂಲ ಕಲ್ಪನೆ ಇದೇ.

ಗಣೇಶ ಮಂಟಪಗಳಲ್ಲೂ ಹಿಂದೆ ನಡೆಯುತ್ತಿದ್ದದ್ದು ಇದೇ ಉಪಾಯ. ನಿಧಾನವಾಗಿ ಸುತ್ತುವ ಮರದ ಉರುಳೆಗೆ ತಾಮ್ರದ ಪಟ್ಟಿ ಅಂಟಿಸಿ, ಅದರ ಮೇಲೆ ತಂತಿಯ ಕುಂಚಗಳು ಜಾರುವಂತೆ ಮಾಡುತ್ತಿದ್ದರು. ಪಟ್ಟಿ ಇದ್ದ ಕಡೆ ಕರೆಂಟ್ ಹರಿದು ದೀಪ ಉರಿಯುತ್ತದೆ, ಪಟ್ಟಿ ಮುಗಿದ ಕಡೆ ಆರುತ್ತದೆ. ಓಡುವ ದೀಪದ ಸರ, ತಿರುಗುವ ಚಕ್ರ, ತಲೆಯಾಡಿಸುವ ಗೊಂಬೆ ಎಲ್ಲಕ್ಕೂ ಇದು ಸಾಕಿತ್ತು. ತೊಂದರೆ ಒಂದೇ: ಕಥೆ ಬದಲಾದರೆ ಉರುಳೆಯನ್ನೇ ಹೊಸದಾಗಿ ಮಾಡಬೇಕು. ಜೊತೆಗೆ, ಉರುಳೆಗೆ ಕಣ್ಣಿಲ್ಲ. ಗೊಂಬೆ ನಿಜಕ್ಕೂ ಕೈ ಎತ್ತಿತೋ ಇಲ್ಲವೋ ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ. ಅದರ ಪಾಡಿಗೆ ಅದು ಸುತ್ತುತ್ತಿರುತ್ತದೆ.

ಅಮೆರಿಕದ ಡಿಸ್ನಿಲ್ಯಾಂಡ್ 1963ರಲ್ಲಿ ಹಾಡುವ ಹಕ್ಕಿಗಳ ಪ್ರದರ್ಶನವೊಂದನ್ನು ಆರಂಭಿಸಿತು. ಅಲ್ಲಿ ಉರುಳೆಯ ಬದಲು ಮ್ಯಾಗ್ನೆಟಿಕ್ ಟೇಪ್‌ನಲ್ಲಿ ಧ್ವನಿಯ ಜೊತೆಗೇ ಚಲನೆಯ ಸಂಕೇತಗಳನ್ನೂ ದಾಖಲಿಸಲಾಗಿತ್ತು. ಧ್ವನಿ ಮತ್ತು ಚಲನೆ ಒಂದೇ ಗಡಿಯಾರಕ್ಕೆ ಕಟ್ಟಿಕೊಂಡದ್ದು ಇಲ್ಲಿನ ಮುಖ್ಯ ಬದಲಾವಣೆ.

ಪಿಎಲ್‌ಸಿ ಬಂದದ್ದು ಕಾರ್ ಕಾರ್ಖಾನೆಗಾಗಿ

ಇಂದು ಕಾರ್ಖಾನೆಗಳಲ್ಲಿ ಎಲ್ಲೆಡೆ ಕಾಣುವ ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಹುಟ್ಟಿದ್ದು 1960ರ ದಶಕದ ಕೊನೆಯಲ್ಲಿ. ಜನರಲ್ ಮೋಟಾರ್ಸ್ ಕಂಪನಿಯ ಕಾರ್ ಗೇರ್‌ಬಾಕ್ಸ್ ವಿಭಾಗದಲ್ಲಿ ಪ್ರತಿ ಬಾರಿ ಮಾಡೆಲ್ ಬದಲಾದಾಗಲೂ ನೂರಾರು ರಿಲೇಗಳ ವೈರಿಂಗ್ ಬಿಚ್ಚಿ ಮತ್ತೆ ಕಟ್ಟಬೇಕಿತ್ತು. ವೈರ್ ಬದಲಿಸದೆ ಪ್ರೋಗ್ರಾಂ ಮಾತ್ರ ಬದಲಿಸುವ ಯಂತ್ರ ಬೇಕೆಂದು ಕಂಪನಿ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ರೂಪಿಸಿದ ‘ಮಾಡಿಕಾನ್ 084’ ಅದಕ್ಕೆ ಉತ್ತರವಾಯಿತು. ಅದು ಅವರ ಸಂಸ್ಥೆಯ 84ನೇ ಯೋಜನೆಯಾಗಿದ್ದರಿಂದ ಆ ಹೆಸರು.

ಪಿಎಲ್‌ಸಿ ಮಾಡುವ ಕೆಲಸ ಸರಳ. ಮೂರು ಹೆಜ್ಜೆಗಳನ್ನು ಬಿಡದೆ ಮಾಡುತ್ತಿರುತ್ತದೆ.

1. ಓದು: ಯಾವ ಸ್ವಿಚ್ ಒತ್ತಿದೆ, ಯಾವ ಸೆನ್ಸರ್ ಏನು ಹೇಳುತ್ತಿದೆ ಎಂದು ನೋಡುತ್ತದೆ.

2. ಯೋಚಿಸು: ಬರೆದಿಟ್ಟ ಪ್ರೋಗ್ರಾಂ ಪ್ರಕಾರ ಈಗ ಏನಾಗಬೇಕು ಎಂದು ತೀರ್ಮಾನಿಸುತ್ತದೆ.

3. ಮಾಡು: ಮೋಟಾರ್, ದೀಪ, ವಾಲ್ವ್‌ಗಳಿಗೆ ಆದೇಶ ಕೊಡುತ್ತದೆ.

ಇದಕ್ಕೆ ‘ಸ್ಕ್ಯಾನ್’ ಎಂದು ಹೆಸರು. ಒಂದು ಸುತ್ತಿಗೆ ಸಾಮಾನ್ಯವಾಗಿ ಕೆಲವೇ ಮಿಲಿಸೆಕೆಂಡ್ ಸಾಕು. ಅಂದರೆ ನಾವು ಒಮ್ಮೆ ಕಣ್ಣು ಮಿಟುಕಿಸುವುದರೊಳಗೆ ಅದು ಹತ್ತಾರು ಬಾರಿ ಎಲ್ಲವನ್ನೂ ಪರಿಶೀಲಿಸಿರುತ್ತದೆ. ಪ್ರೋಗ್ರಾಂ ಬರೆಯಲು ‘ಲ್ಯಾಡರ್’ ಎಂಬ ಚಿತ್ರರೂಪದ ಭಾಷೆ ಹೆಚ್ಚು ಬಳಕೆಯಲ್ಲಿದೆ. ಏಣಿಯ ಮೆಟ್ಟಿಲುಗಳಂತೆ ಕಾಣುವ ಈ ಚಿತ್ರ ಹಳೆಯ ರಿಲೇ ವೈರಿಂಗ್ ನಕ್ಷೆಯನ್ನೇ ಹೋಲುತ್ತದೆ. ಹೀಗಾಗಿ ಕಂಪ್ಯೂಟರ್ ಕಲಿಯದ ಎಲೆಕ್ಟ್ರಿಷಿಯನ್‌ಗೂ ಅದು ಅರ್ಥವಾಗುತ್ತದೆ. ಪಿಎಲ್‌ಸಿ ಭಾಷೆಗಳಿಗೆ ಅಂತಾರಾಷ್ಟ್ರೀಯ ಮಾನದಂಡ ಬಂದದ್ದು 1993ರಲ್ಲಿ.

ನರಸಿಂಹ ಬರುವುದು ಯಾವಾಗ? ಸಮಯ ಹೇಳಬೇಕೋ, ಕಂಬ ಹೇಳಬೇಕೋ?

ಆರಂಭದಲ್ಲಿ ಹೇಳಿದ ನರಸಿಂಹನ ದೃಶ್ಯವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊಸದಾಗಿ ಕಲಿತವರು ಬರೆಯುವ ಪ್ರೋಗ್ರಾಂ ಸಾಮಾನ್ಯವಾಗಿ ಗಡಿಯಾರ ನೋಡಿಕೊಂಡು ಓಡುತ್ತದೆ: 40ನೇ ಸೆಕೆಂಡಿಗೆ ಕಂಬದ ಮೋಟಾರ್ ಆನ್, 48ನೇ ಸೆಕೆಂಡಿಗೆ ಆಫ್, 49ನೇ ಸೆಕೆಂಡಿಗೆ ನರಸಿಂಹನನ್ನು ಮೇಲೆತ್ತು.

ಮೊದಲ ದಿನ ಎಲ್ಲ ಸರಿಯಾಗಿಯೇ ಇರುತ್ತದೆ. ಐದನೇ ದಿನ ಮಳೆಗೆ ಮರ ಉಬ್ಬಿ ಕಂಬ ಬಿಗಿಯಾಗುತ್ತದೆ, ಅಥವಾ ವೋಲ್ಟೇಜ್ ಇಳಿದು ಮೋಟಾರ್ ನಿಧಾನವಾಗುತ್ತದೆ. ಎಂಟು ಸೆಕೆಂಡಿನಲ್ಲಿ ತೆರೆಯಬೇಕಿದ್ದ ಕಂಬ ಅರ್ಧ ಮಾತ್ರ ತೆರೆದಿರುತ್ತದೆ. ಗಡಿಯಾರಕ್ಕೆ ಅದು ಗೊತ್ತಿಲ್ಲ. 49ನೇ ಸೆಕೆಂಡಿಗೆ ನರಸಿಂಹ ಮೇಲೆದ್ದು ಕಂಬಕ್ಕೇ ಗುದ್ದುತ್ತಾನೆ. ಮೋಟಾರ್ ಸುಡಬಹುದು, ಚೌಕಟ್ಟು ಮುರಿಯಬಹುದು.

ಅನುಭವಿಗಳು ಇದನ್ನು ಬೇರೆ ರೀತಿ ಬರೆಯುತ್ತಾರೆ. ಕಂಬ ಪೂರ್ತಿ ತೆರೆದಾಗ ಒತ್ತಿಕೊಳ್ಳುವ ಒಂದು ಲಿಮಿಟ್ ಸ್ವಿಚ್, ಪೂರ್ತಿ ಮುಚ್ಚಿದಾಗ ಒತ್ತಿಕೊಳ್ಳುವ ಇನ್ನೊಂದು. ನರಸಿಂಹನ ವೇದಿಕೆಗೂ ಮೇಲೆ ಒಂದು, ಕೆಳಗೆ ಒಂದು. ಪ್ರೋಗ್ರಾಂ ಆಗ ಹೀಗಾಗುತ್ತದೆ: ‘ಕಂಬ ತೆರೆಯಲು ಹೇಳು. ತೆರೆದಿದೆ ಎಂದು ಸ್ವಿಚ್ ಹೇಳುವವರೆಗೆ ನರಸಿಂಹನನ್ನು ಕದಲಿಸಬೇಡ. ಹನ್ನೆರಡು ಸೆಕೆಂಡ್ ಕಳೆದರೂ ಸ್ವಿಚ್ ಒತ್ತದಿದ್ದರೆ ಎಲ್ಲವನ್ನೂ ನಿಲ್ಲಿಸಿ, ಹಿಂದೆ ಇರುವವರಿಗೆ ಕೆಂಪು ದೀಪ ತೋರಿಸು.’

ಎರಡೂ ಪ್ರೋಗ್ರಾಂಗಳು ಒಂದೇ ದೃಶ್ಯ ತೋರಿಸುತ್ತವೆ. ಮುಂದೆ ನಿಂತ ಪ್ರೇಕ್ಷಕನಿಗೆ ಯಾವ ವ್ಯತ್ಯಾಸವೂ ಕಾಣುವುದಿಲ್ಲ. ವ್ಯತ್ಯಾಸ ಗೊತ್ತಾಗುವುದು ಏನಾದರೂ ಕೆಟ್ಟಾಗ ಮಾತ್ರ. ಕಂಟ್ರೋಲರ್‌ನ ಗುಣಮಟ್ಟ ಅಳೆಯಬೇಕಾದದ್ದು ಅದು ಎಷ್ಟು ಚೆನ್ನಾಗಿ ಆಡಿಸುತ್ತದೆ ಎಂಬುದರಿಂದಲ್ಲ, ಎಷ್ಟು ಚೆನ್ನಾಗಿ ನಿಲ್ಲಿಸುತ್ತದೆ ಎಂಬುದರಿಂದ.

ಗೊಂಬೆಯೊಳಗಿನ ಸ್ನಾಯುಗಳು

ಚಲನೆಗೆ ತಕ್ಕಂತೆ ಮೋಟಾರ್ ಆಯ್ಕೆ ಮಾಡಬೇಕಾಗುತ್ತದೆ. ಸಾಮಾನ್ಯವಾಗಿ ಬಳಸುವವು ಇವು:

ವೈಪರ್ ಮೋಟಾರ್: ಕಾರಿನ ಗಾಜು ಒರೆಸುವ 12 ವೋಲ್ಟ್‌ನ ಇದೇ ಮೋಟಾರ್ ಮಂಟಪ ಕಲಾವಿದರ ಅಚ್ಚುಮೆಚ್ಚು. ಗುಜರಿಯಲ್ಲೂ ಸಿಗುತ್ತದೆ, ನಿಧಾನವಾಗಿ ತಿರುಗುತ್ತದೆ, ಬಲ ಹೆಚ್ಚು. ತಿರುಗುವ ತುದಿಗೆ ಒಂದು ಕಬ್ಬಿಣದ ತೋಳು ಕಟ್ಟಿದರೆ ಸುತ್ತುವ ಚಲನೆ ಹಿಂದೆ ಮುಂದೆ ಆಡುವ ಚಲನೆಯಾಗುತ್ತದೆ. ಆನೆಯ ಸೊಂಡಿಲು, ಚಾಮರ ಬೀಸುವ ಕೈಗಳಿಗೆ ಇದು ಸಾಕು.

ಸರ್ವೊ ಮೋಟಾರ್: ಇಂತಿಷ್ಟೇ ಕೋನಕ್ಕೆ ತಿರುಗಿ ನಿಲ್ಲು ಎಂದರೆ ಅಲ್ಲೇ ನಿಲ್ಲುತ್ತದೆ. ಚಿಕ್ಕ ಸರ್ವೊಗಳಿಗೆ ಸೆಕೆಂಡಿಗೆ 50 ಬಾರಿ ಸಂಕೇತ ಹೋಗುತ್ತದೆ. ಸಂಕೇತದ ಉದ್ದ ಸುಮಾರು 1 ಮಿಲಿಸೆಕೆಂಡ್ ಇದ್ದರೆ ಒಂದು ತುದಿ, 2 ಮಿಲಿಸೆಕೆಂಡ್ ಇದ್ದರೆ ಇನ್ನೊಂದು ತುದಿ. ಕಣ್ಣುಗುಡ್ಡೆ, ರೆಪ್ಪೆ, ತುಟಿಗಳಿಗೆ ಇದು ಸೂಕ್ತ.

ಸ್ಟೆಪ್ಪರ್ ಮೋಟಾರ್: ಹೆಜ್ಜೆ ಹೆಜ್ಜೆಯಾಗಿ ತಿರುಗುತ್ತದೆ. ಸಾಮಾನ್ಯ ಮಾದರಿಯಲ್ಲಿ ಒಂದು ಸುತ್ತಿಗೆ 200 ಹೆಜ್ಜೆ. ಸೂರ್ಯ, ಚಂದ್ರ, ಕಾಲಚಕ್ರದಂಥ ನಿಖರ ಚಲನೆಗೆ ಬಳಸುತ್ತಾರೆ.

ಗಾಳಿ ಒತ್ತಡದ ಸಿಲಿಂಡರ್: ಕಂಪ್ರೆಸರ್‌ನ ಗಾಳಿಯಿಂದ ಕೆಲಸ ಮಾಡುತ್ತದೆ. ಥಟ್ಟನೆ ಎಗರುವ ಹಾವು, ಬಾಯಿ ತೆರೆಯುವ ರಾಕ್ಷಸನಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಕರೆಂಟ್ ಹೋದರೂ ಟ್ಯಾಂಕಿನಲ್ಲಿ ಗಾಳಿ ಉಳಿದಿರುತ್ತದೆ. ‘ಮೇನ್ ಆಫ್ ಮಾಡಿದ್ದೇನೆ’ ಎಂದು ಸಿಲಿಂಡರ್ ಎದುರು ಕೈಯಿಟ್ಟರೆ ಪೆಟ್ಟಾಗುವ ಸಾಧ್ಯತೆ ಇದ್ದೇ ಇರುತ್ತದೆ. ಗಾಳಿ ಹೊರಬಿಡುವ ವಾಲ್ವ್ ಇರಲೇಬೇಕು.

ಬೆಳಕಿಗೆ ಬೇರೆಯದೇ ಭಾಷೆ

ಮೋಟಾರ್‌ಗೆ ಆನ್, ಆಫ್ ಸಾಕು. ಆದರೆ ಬೆಳಕು ನಿಧಾನವಾಗಿ ಏರಬೇಕು, ಇಳಿಯಬೇಕು, ಬಣ್ಣ ಬದಲಿಸಬೇಕು. ನಾಟಕ, ಸಂಗೀತ ಕಾರ್ಯಕ್ರಮಗಳ ಬೆಳಕಿಗಾಗಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆಯೊಂದು 1986ರಲ್ಲಿ ‘ಡಿಎಂಎಕ್ಸ್ 512’ ಎಂಬ ಮಾನದಂಡ ರೂಪಿಸಿತು. ಇಂದಿಗೂ ವೇದಿಕೆ ದೀಪಗಳ ಸಾಮಾನ್ಯ ಭಾಷೆ ಅದೇ.

ಒಂದು ಕೇಬಲ್‌ನಲ್ಲಿ 512 ಚಾನೆಲ್. ಪ್ರತಿ ಚಾನೆಲ್‌ಗೆ 0ಯಿಂದ 255ರವರೆಗೆ ಒಂದು ಸಂಖ್ಯೆ. 0 ಎಂದರೆ ಕತ್ತಲು, 255 ಎಂದರೆ ಪೂರ್ಣ ಬೆಳಕು. ಕೆಂಪು, ಹಸಿರು, ನೀಲಿ ಮೂರೂ ಇರುವ ಒಂದು ದೀಪಕ್ಕೆ ಮೂರು ಚಾನೆಲ್ ಬೇಕು. ಅಂದರೆ ಒಂದು ಕೇಬಲ್‌ನಿಂದ ಇಂಥ 170 ದೀಪಗಳನ್ನು ಬೇರೆ ಬೇರೆಯಾಗಿ ನಿಯಂತ್ರಿಸಬಹುದು. ಎಲ್ಲ 512 ಸಂಖ್ಯೆಗಳೂ ಸೆಕೆಂಡಿಗೆ ಸುಮಾರು 44 ಬಾರಿ ಹೊಸದಾಗಿ ಹೋಗುತ್ತವೆ.

ಈಗ ಹೆಚ್ಚು ಬಳಕೆಯಲ್ಲಿರುವುದು ಪಿಕ್ಸೆಲ್ ಎಲ್‌ಇಡಿ. ಸರದಲ್ಲಿರುವ ಪ್ರತಿ ಪುಟ್ಟ ದೀಪದೊಳಗೂ ಒಂದು ಚಿಪ್ ಇರುತ್ತದೆ. ಮೊದಲ ದೀಪ ತನಗೆ ಬಂದ ಸಂದೇಶ ತೆಗೆದುಕೊಂಡು ಉಳಿದದ್ದನ್ನು ಮುಂದಿನದಕ್ಕೆ ದಾಟಿಸುತ್ತದೆ. ಪಂಕ್ತಿಯಲ್ಲಿ ಕುಳಿತವರು ಎಲೆ ತೆಗೆದುಕೊಂಡು ಕಟ್ಟನ್ನು ಪಕ್ಕದವರಿಗೆ ಕೊಡುವ ಹಾಗೆ. ಹೆಚ್ಚು ಬಳಕೆಯ ಮಾದರಿಯಲ್ಲಿ ಒಂದು ದೀಪದ ಸಂದೇಶಕ್ಕೆ 30 ಮೈಕ್ರೋಸೆಕೆಂಡ್ ಬೇಕು. 1,000 ದೀಪಗಳ ಸರಕ್ಕೆ 30 ಮಿಲಿಸೆಕೆಂಡ್. ಸೆಕೆಂಡಿಗೆ 33 ಬಾರಿ ಚಿತ್ರ ಬದಲಿಸಬಹುದು, ಕಣ್ಣಿಗೆ ಅದು ಹರಿಯುವ ನೀರಿನಂತೆ ಕಾಣುತ್ತದೆ.

ಇಲ್ಲಿ ಎಚ್ಚರ ತಪ್ಪುವುದು ಕರೆಂಟ್ ಲೆಕ್ಕದಲ್ಲಿ. ಇಂಥ ಒಂದು ದೀಪ ಪೂರ್ಣ ಬಿಳಿಯಾಗಿ ಉರಿದಾಗ 5 ವೋಲ್ಟ್‌ನಲ್ಲಿ ಸುಮಾರು 60 ಮಿಲಿಆಂಪ್ ಎಳೆಯಬಹುದು. 100 ದೀಪಕ್ಕೆ 6 ಆಂಪ್, 1,000ಕ್ಕೆ 60 ಆಂಪ್. ‘ಬರೀ 5 ವೋಲ್ಟ್ ತಾನೇ’ ಎಂದು ತೆಳು ವೈರ್ ಎಳೆದರೆ ಶಾಕ್ ಹೊಡೆಯದಿರಬಹುದು, ಆದರೆ ವೈರ್ ಕಾದು ಥರ್ಮೋಕೋಲ್, ಬಟ್ಟೆಗೆ ಬೆಂಕಿ ತಗಲಬಹುದು. ಸರದ ಕೊನೆಯ ದೀಪಗಳ ಬಿಳಿ ಬಣ್ಣ ಕೆಂಪಾಗುತ್ತಾ ಹೋದರೆ ವೈರ್ ಸಾಲುತ್ತಿಲ್ಲ ಎಂದೇ ಅರ್ಥ.

ಆರ್ಡುಯಿನೊ ಸಾಕೇ, ಪಿಎಲ್‌ಸಿ ಬೇಕೇ?

ಇಟಲಿಯ ಇವ್ರಿಯಾ ಪಟ್ಟಣದಲ್ಲಿ 2005ರಲ್ಲಿ ವಿದ್ಯಾರ್ಥಿಗಳಿಗಾಗಿ ರೂಪುಗೊಂಡ ಆರ್ಡುಯಿನೊ ಬೋರ್ಡ್ ಈ ಕ್ಷೇತ್ರವನ್ನೇ ಬದಲಿಸಿತು. ಕೆಲವು ನೂರು ರೂಪಾಯಿಗೆ ಸಿಗುವ ಬೋರ್ಡ್, ಉಚಿತ ಸಾಫ್ಟ್‌ವೇರ್, ಯೂಟ್ಯೂಬ್‌ನಲ್ಲಿ ಪಾಠ. ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಮ್ಮ ಬಡಾವಣೆಯ ಮಂಡಳಿಗೆ ತಾವೇ ದೃಶ್ಯ ಮಾಡಿಕೊಡಲು ಸಾಧ್ಯವಾಗಿರುವುದು ಇದರಿಂದಲೇ. ಪಿಎಲ್‌ಸಿಗೆ ಸಾವಿರಾರು ರೂಪಾಯಿ ಬೇಕು.

ಆದರೆ ಬೆಲೆಯ ವ್ಯತ್ಯಾಸಕ್ಕೆ ಕಾರಣವಿದೆ. ಆರ್ಡುಯಿನೊ ಯೂನೊದ ಒಂದು ಪಿನ್‌ನಿಂದ ಸುರಕ್ಷಿತವಾಗಿ ತೆಗೆಯಬಹುದಾದ ಕರೆಂಟ್ ಸುಮಾರು 20 ಮಿಲಿಆಂಪ್. ಚಿಕ್ಕ ಎಲ್‌ಇಡಿಗೆ ಸಾಕು, ಮೋಟಾರ್‌ಗೆ ಸಾಲದು. ನಡುವೆ ರಿಲೇ ಅಥವಾ ಡ್ರೈವರ್ ಬೇಕು. ಮೋಟಾರ್ ಆನ್, ಆಫ್ ಆಗುವಾಗ ಏಳುವ ವಿದ್ಯುತ್ ಕಿರಿಕಿರಿಯಿಂದ ಬೋರ್ಡ್ ಏಕಾಏಕಿ ರೀಸೆಟ್ ಆಗಬಹುದು. ಕಾರ್ಖಾನೆಯ ಪಿಎಲ್‌ಸಿ 24 ವೋಲ್ಟ್‌ನಲ್ಲಿ ಕೆಲಸ ಮಾಡುತ್ತದೆ. ಹೊರಗಿನ ವೈರ್‌ಗಳಿಗೂ ಒಳಗಿನ ಮೆದುಳಿಗೂ ನೇರ ಸಂಪರ್ಕ ಇರದಂತೆ ತಡೆ ಇರುತ್ತದೆ. ಧೂಳು, ಶಾಖ, ಅದುರುವಿಕೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡೇ ಅದನ್ನು ತಯಾರಿಸಿರುತ್ತಾರೆ. ಪ್ರೋಗ್ರಾಂ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಗಮನಿಸಿ ಔಟ್‌ಪುಟ್ ಬಂದ್ ಮಾಡುವ ‘ವಾಚ್‌ಡಾಗ್’ ಕೂಡ ಅದರಲ್ಲೇ ಇರುತ್ತದೆ. ಆರ್ಡುಯಿನೊ ಚಿಪ್‌ನಲ್ಲೂ ವಾಚ್‌ಡಾಗ್ ಇದೆ, ಆದರೆ ಪ್ರೋಗ್ರಾಂ ಬರೆಯುವವರೇ ಅದನ್ನು ಚಾಲೂ ಮಾಡಬೇಕು.

ಹಾಗಾಗಿ ತಜ್ಞರು ಪಾಲಿಸುವ ಸರಳ ಸೂತ್ರ ಇದು: ದೀಪ, ಕಣ್ಣು, ರೆಪ್ಪೆಗಳಿಗೆ ಆರ್ಡುಯಿನೊ ಸಾಕು. ಮನುಷ್ಯನಿಗೆ ಪೆಟ್ಟು ಮಾಡುವಷ್ಟು ಭಾರ ಅಥವಾ ಬಲ ಇರುವ ಚಲನೆಗೆ ಪಿಎಲ್‌ಸಿ ಇರಲಿ.

ಕರೆಂಟ್ ಹೋಗಿ ಬಂದರೆ ಏನಾಗುತ್ತದೆ?

ಉತ್ಸವದ ದಿನಗಳಲ್ಲಿ ಕರೆಂಟ್ ಹೋಗುವುದು, ಜನರೇಟರ್‌ಗೆ ಬದಲಾಗುವುದು ಮಾಮೂಲು. ರಾಕ್ಷಸನ ಕೈ ಅರ್ಧ ಎತ್ತಿದಾಗ ಕರೆಂಟ್ ಹೋಯಿತು ಎಂದುಕೊಳ್ಳೋಣ. ಎರಡು ಪ್ರಶ್ನೆಗಳು ಏಳುತ್ತವೆ.

ಮೊದಲನೆಯದು, ಕೈ ಕೆಳಗೆ ಬೀಳುತ್ತದೆಯೇ? ವೈಪರ್ ಮೋಟಾರ್‌ನಂಥ ವರ್ಮ್ ಗೇರ್ ಇದ್ದರೆ ಬಹುತೇಕ ಅಲ್ಲೇ ನಿಲ್ಲುತ್ತದೆ. ಹಗ್ಗ ಸುತ್ತುವ ಮೋಟಾರ್ ಆಗಿದ್ದರೆ ಬ್ರೇಕ್ ಇಲ್ಲದಿದ್ದಾಗ ಧೊಪ್ಪನೆ ಬೀಳಬಹುದು. ಬಾವಿಯ ಏತದಂತೆ ಇನ್ನೊಂದು ತುದಿಗೆ ಸಮಭಾರ ಕಟ್ಟುವುದು ಹಳೆಯ, ಆದರೆ ಈಗಲೂ ಅತ್ಯುತ್ತಮ ಉಪಾಯ.

ಎರಡನೆಯದು, ಕರೆಂಟ್ ಬಂದ ಕೂಡಲೇ ಕಂಟ್ರೋಲರ್ ಏನು ಮಾಡುತ್ತದೆ? ಕೆಟ್ಟದಾಗಿ ಬರೆದ ಪ್ರೋಗ್ರಾಂ ಮೊದಲಿನಿಂದ ಶುರುವಾಗುತ್ತದೆ. ಕೈ ಕೆಳಗಿದೆ ಎಂದೇ ಭಾವಿಸಿ ಇನ್ನಷ್ಟು ಮೇಲೆತ್ತುತ್ತದೆ. ಅಷ್ಟರಲ್ಲಿ ಏನಾಯಿತೆಂದು ನೋಡಲು ಸ್ವಯಂಸೇವಕನೊಬ್ಬ ಗೊಂಬೆಯ ಹಿಂದೆ ಹೋಗಿದ್ದರೆ? ಸರಿಯಾದ ವ್ಯವಸ್ಥೆಯಲ್ಲಿ ಕರೆಂಟ್ ಬಂದರೂ ಯಾವುದೂ ತಾನಾಗಿ ಕದಲುವುದಿಲ್ಲ. ಯಾರಾದರೂ ಕಣ್ಣಾರೆ ನೋಡಿ ಹಸಿರು ಗುಂಡಿ ಒತ್ತಬೇಕು. ಆಗಲೂ ಮೊದಲು ಎಲ್ಲ ಭಾಗಗಳೂ ನಿಧಾನವಾಗಿ ತಮ್ಮ ಮೂಲಸ್ಥಾನಕ್ಕೆ ಮರಳಬೇಕು. ಇದಕ್ಕೆ ‘ಹೋಮಿಂಗ್’ ಎನ್ನುತ್ತಾರೆ. ನಂತರವೇ ಪ್ರದರ್ಶನ.

ಕೆಂಪು ಗುಂಡಿ ಪ್ರೋಗ್ರಾಂ ಮಾತು ಕೇಳಬಾರದು

ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಎಲ್ಲರೂ ನೋಡಿರುತ್ತಾರೆ. ಅದನ್ನು ಕಂಟ್ರೋಲರ್‌ಗೆ ಮಾತ್ರ ಜೋಡಿಸಿ, ‘ಗುಂಡಿ ಒತ್ತಿದರೆ ಮೋಟಾರ್ ನಿಲ್ಲಿಸು’ ಎಂದು ಪ್ರೋಗ್ರಾಂ ಬರೆದರೆ ಸಾಲದೇ? ಸಾಲದು. ಕಂಟ್ರೋಲರ್ ಕೆಟ್ಟಿರುವುದರಿಂದಲೇ ಗೊಂಬೆ ಹುಚ್ಚೆದ್ದು ಆಡುತ್ತಿರಬಹುದು. ಕೆಟ್ಟವನಿಗೇ ನಿಲ್ಲಿಸು ಎಂದು ಅರ್ಜಿ ಕೊಟ್ಟಂತಾಗುತ್ತದೆ.

ಸರಿಯಾದ ಕ್ರಮದಲ್ಲಿ ಕೆಂಪು ಗುಂಡಿಯ ಸರ್ಕ್ಯೂಟ್ ಮೋಟಾರ್‌ಗಳ ವಿದ್ಯುತ್ತನ್ನು ನೇರವಾಗಿ ಕತ್ತರಿಸುತ್ತದೆ. ಗುಂಡಿ ಒತ್ತದಿದ್ದಾಗ ಕರೆಂಟ್ ಹರಿಯುತ್ತಿರಬೇಕು, ಒತ್ತಿದಾಗ ಕಡಿಯಬೇಕು. ಹಾಗಿದ್ದರೆ ಇಲಿ ವೈರ್ ಕಡಿದರೂ ಯಂತ್ರ ನಿಲ್ಲುತ್ತದೆ. ತಿರುಗಾಮುರುಗಾ ಜೋಡಿಸಿದರೆ ವೈರ್ ತುಂಡಾಗಿರುವುದು ಗುಂಡಿ ಒತ್ತುವವರೆಗೂ ಗೊತ್ತೇ ಆಗುವುದಿಲ್ಲ.

ಇದೇ ಕಾರಣಕ್ಕೆ ಡಿಎಂಎಕ್ಸ್ ಕೇಬಲ್‌ನಿಂದ ಭಾರವಾದ ಚಲಿಸುವ ವಸ್ತು ಅಥವಾ ಸಿಡಿಮದ್ದನ್ನು ನಿಯಂತ್ರಿಸಬಾರದು. ದಾರಿಯಲ್ಲಿ ಸಂಖ್ಯೆ ತಪ್ಪಾಗಿದೆಯೇ ಎಂದು ಪರೀಕ್ಷಿಸುವ ಕಡ್ಡಾಯ ವ್ಯವಸ್ಥೆ ಅದರಲ್ಲಿಲ್ಲ. ದೀಪವೊಂದು ಕ್ಷಣಕಾಲ ಮಿನುಗಿದರೆ ಯಾರಿಗೂ ನಷ್ಟವಿಲ್ಲ. ಅದೇ ತಪ್ಪು ಸಿಡಿಮದ್ದಿನಲ್ಲಾದರೆ ಅನಾಹುತ.

ಬೆಳಕೂ ಗಾಯ ಮಾಡಬಲ್ಲದು ಎಂಬುದಕ್ಕೆ ನಾಸಿಕ್‌ನಲ್ಲೇ ಉದಾಹರಣೆ ಇದೆ. 2023ರ ಗಣೇಶ ವಿಸರ್ಜನೆ ಮೆರವಣಿಗೆಯ ಬಳಿಕ, ಲೇಸರ್ ಕಿರಣದಿಂದ ಯುವಕರ ಕಣ್ಣಿನ ರೆಟಿನಾಕ್ಕೆ ಹಾನಿಯಾದ ಪ್ರಕರಣಗಳನ್ನು ಅಲ್ಲಿನ ನೇತ್ರತಜ್ಞರು ಬೆಳಕಿಗೆ ತಂದರು. ಪ್ರದರ್ಶನದ ಲೇಸರ್‌ನಲ್ಲಿ ಪುಟ್ಟ ಕನ್ನಡಿಗಳು ವೇಗವಾಗಿ ಅಲುಗಾಡಿ ಒಂದೇ ಕಿರಣವನ್ನು ಚಿತ್ರವಾಗಿ ಹರಡುತ್ತವೆ. ಕನ್ನಡಿ ನಿಂತರೆ ಪೂರ್ತಿ ಶಕ್ತಿ ಒಂದೇ ಬಿಂದುವಿಗೆ ಬೀಳುತ್ತದೆ. ಕನ್ನಡಿ ನಿಂತ ಕ್ಷಣವೇ ಕಿರಣವನ್ನು ಕತ್ತರಿಸುವ ವ್ಯವಸ್ಥೆ ಇಲ್ಲದ, ಜನರ ಕಣ್ಣಿನ ಎತ್ತರಕ್ಕೆ ತಿರುಗಿಸಿದ ಲೇಸರ್ ಯಾವ ದೃಶ್ಯಕ್ಕೂ ಬೇಡ.

ಮಂಡಳಿಗಳು ಗಮನಿಸಬೇಕಾದ ಅಂಶಗಳು

ಪ್ರೋಗ್ರಾಮಿಂಗ್ ಗೊತ್ತಿಲ್ಲದ ಪದಾಧಿಕಾರಿಗಳೂ ದೃಶ್ಯ ಕಟ್ಟಿಕೊಟ್ಟವರನ್ನು ಕೇಳಬಹುದಾದ ಪ್ರಶ್ನೆಗಳು ಇವು:

1. ಕೆಂಪು ಗುಂಡಿ ಎಲ್ಲಿದೆ? ಪ್ರದರ್ಶನದ ನಡುವೆ ಒತ್ತಿ ತೋರಿಸಿ. ಎಲ್ಲ ಚಲನೆಯೂ ನಿಂತಿತೇ?

2. ಮೇನ್ ಸ್ವಿಚ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಯಾವುದಾದರೂ ತಾನಾಗಿ ಕದಲಿತೇ?

3. ಕಂಟ್ರೋಲರ್‌ನ ಪ್ಲಗ್ ತೆಗೆದರೆ ಎತ್ತಿದ ಭಾಗ ಬೀಳುತ್ತದೆಯೇ?

4. 30 ಮಿಲಿಆಂಪ್‌ನ ಆರ್‌ಸಿಸಿಬಿ ಹಾಕಿದೆಯೇ? ಅದರ ಟೆಸ್ಟ್ ಗುಂಡಿ ಒತ್ತಿದಾಗ ಟ್ರಿಪ್ ಆಗುತ್ತದೆಯೇ?

5. ಕಬ್ಬಿಣದ ಚೌಕಟ್ಟು, ಮೋಟಾರ್ ಮೈ, ತಗಡಿನ ಶೀಟ್‌ಗಳಿಗೆ ಅರ್ಥಿಂಗ್ ಇದೆಯೇ? ಮಳೆ ನೀರು ಜಂಕ್ಷನ್ ಬಾಕ್ಸ್‌ಗೆ ಇಳಿಯುವುದಿಲ್ಲವೇ?

6. ಗೊಂಬೆಯ ಕೈ ಪೂರ್ತಿ ಚಾಚಿದಾಗಲೂ ಬ್ಯಾರಿಕೇಡ್ ಆಚೆಯ ಮಗುವಿನ ಕೈಗೆ ಸಿಗದಷ್ಟು ದೂರವಿದೆಯೇ?

7. ಪ್ರದರ್ಶನ ನಡೆಯುವಷ್ಟು ಹೊತ್ತೂ ಕೆಂಪು ಗುಂಡಿಯ ಬಳಿ ಒಬ್ಬರು ಇರುತ್ತಾರೆಯೇ?

ಈ ಏಳನ್ನೂ ಪರೀಕ್ಷಿಸಲು ಅರ್ಧ ಗಂಟೆ ಸಾಕು. ವಿದ್ಯುತ್ ಸಂಪರ್ಕದ ವಿಷಯದಲ್ಲೂ ಅಡ್ಡದಾರಿ ಬೇಡ. ಗಣೇಶ ಮಂಡಳಿಗಳಿಗೆ ಮಹಾರಾಷ್ಟ್ರದ ವಿದ್ಯುತ್ ವಿತರಣಾ ಕಂಪನಿ ಮಹಾವಿತರಣ ರಿಯಾಯಿತಿ ದರದಲ್ಲಿ ತಾತ್ಕಾಲಿಕ ಸಂಪರ್ಕ ಕೊಡುತ್ತದೆ. ಕಂಬಕ್ಕೆ ಕೊಕ್ಕೆ ಹಾಕಿ ಎಳೆದ ವೈರ್‌ನಲ್ಲಿ ಯಾವ ಸುರಕ್ಷತಾ ಸಾಧನವೂ ನೆಚ್ಚಿದಂತೆ ಕೆಲಸ ಮಾಡುವುದಿಲ್ಲ.

ಕರ್ನಾಟಕಕ್ಕೂ ಅನ್ವಯಿಸುವ ಪಾಠ

ಇದು ಮಹಾರಾಷ್ಟ್ರದ ವಿಷಯ ಮಾತ್ರವಲ್ಲ. ಬೆಳಗಾವಿಯ ಸಾರ್ವಜನಿಕ ಗಣೇಶೋತ್ಸವದಲ್ಲಿ, ಮೈಸೂರು ಮತ್ತು ಮಂಗಳೂರಿನ ದಸರಾ ಮೆರವಣಿಗೆಗಳಲ್ಲಿ ಯಂತ್ರಚಾಲಿತ ಗೊಂಬೆಗಳು, ಬೆಳಕಿನ ಆಟ ಈಗ ಸಾಮಾನ್ಯ. ಕೆಆರ್‌ಎಸ್‌ನ ಬೃಂದಾವನದ ಸಂಗೀತ ಕಾರಂಜಿಯೂ ಇದೇ ತತ್ವದ್ದು. ಅಲ್ಲಿ ಗೊಂಬೆಯ ಬದಲು ನೀರು ಕುಣಿಯುತ್ತದೆ, ಅಷ್ಟೇ.

ಐಟಿಐ, ಡಿಪ್ಲೊಮಾ ಓದುವವರಿಗೆ ಇದು ಕಲಿಕೆಯ ದಾರಿಯೂ ಹೌದು. ಮಂಟಪವೊಂದರಲ್ಲಿ ಲಿಮಿಟ್ ಸ್ವಿಚ್, ಹೋಮಿಂಗ್, ತುರ್ತು ನಿಲುಗಡೆ ಸರಿಯಾಗಿ ಮಾಡಿದವರಿಗೆ ಕಾರ್ಖಾನೆಯ ಪ್ಯಾಕಿಂಗ್ ಯಂತ್ರ ಅಪರಿಚಿತ ಎನಿಸುವುದಿಲ್ಲ. ತತ್ವ ಅದೇ, ಗೊಂಬೆಯ ಜಾಗದಲ್ಲಿ ರಟ್ಟಿನ ಡಬ್ಬ ಇರುತ್ತದೆ. ಕಾರ್ಖಾನೆಯಲ್ಲಿ ಯಂತ್ರದ ಸುತ್ತ ಬೇಲಿ, ತರಬೇತಿ ಪಡೆದ ಕೆಲಸಗಾರ, ತಪಾಸಣೆ ಎಲ್ಲ ಇರುತ್ತವೆ. ಮಂಟಪದಲ್ಲಿ ಯಂತ್ರದ ಮುಂದೆ ನಿಲ್ಲುವುದು ಅಪ್ಪನ ಹೆಗಲೇರಿ ಬಂದ ಮಗು. ಆ ಲೆಕ್ಕದಲ್ಲಿ ಕಾರ್ಖಾನೆಗಿಂತ ಮಂಟಪಕ್ಕೇ ಹೆಚ್ಚಿನ ಎಚ್ಚರ ಬೇಕು.

ನಾಸಿಕ್ ಮತ್ತು ತ್ರ್ಯಂಬಕೇಶ್ವರದಲ್ಲಿ 2027ರಲ್ಲಿ ಸಿಂಹಸ್ಥ ಕುಂಭಮೇಳವೂ ಇದೆ. ಬೆಳಕು, ಪ್ರದರ್ಶನ, ಜನಸಾಗರ ಮೂರೂ ಒಂದೆಡೆ ಸೇರುವ ಸಂದರ್ಭ. ದೃಶ್ಯ ಎಷ್ಟು ಅದ್ಭುತವಾಗಿದೆ ಎಂದು ಕೇಳುವ ಮುನ್ನ ಕೆಂಪು ಗುಂಡಿ ಎಲ್ಲಿದೆ ಎಂದು ಕೇಳುವ ಅಭ್ಯಾಸ ಈ ಗಣೇಶೋತ್ಸವದಿಂದಲೇ ಶುರುವಾದರೆ ಒಳ್ಳೆಯದು.